ಮನೆಬಳಕೆಯ ಪ್ರೆಷರ್ ಟ್ಯಾಂಕ್‌ಗಳಲ್ಲಿ ಗಾಳಿಯ ಒತ್ತಡದ ನಿರ್ವಹಣೆ

ಪೀಠಿಕೆ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಪ್ರದೇಶಗಳ ಅನೇಕ ಮನೆಗಳಲ್ಲಿ ಕೊಳವೆ ಬಾವಿಯ ನೀರನ್ನು ಸಂಪಿನಲ್ಲಿ ಸಂಗ್ರಹಿಸಿ, ತಾರಸಿಯ ಟ್ಯಾಂಕಿಗೆ ಏರಿಸಿ ಬಳಸಲಾಗುತ್ತದೆ. ನೀರಿನ ಮಟ್ಟವು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದಲ್ಲಿ ಸುಮಾರು 14 ಪಿಎಸ್‌ಐ ಒತ್ತಡ ದೊರೆಯುತ್ತದೆ. ಮೇಲಂತಸ್ತಿನಲ್ಲಿ ಈ ಎತ್ತರವು 3 ಮೀಟರ್ ಮಾತ್ರ ಇದ್ದಲ್ಲಿ ಒತ್ತಡವು ಸುಮಾರು 4 ಪಿಎಸ್‌ಐಗೆ ಇಳಿಯುತ್ತದೆ. ಈ ಕೊರತೆಯನ್ನು ನೀಗಿಸಲು ಪ್ರೆಷರ್ ಪಂಪ್ ಹಾಗೂ ಅದರೊಂದಿಗೆ ಪ್ರೆಷರ್ ಟ್ಯಾಂಕ್ ಅಳವಡಿಸಲಾಗುತ್ತದೆ.

ಕಾರ್ಯವಿಧಾನ

ಟ್ಯಾಂಕಿನೊಳಗೆ ರಬ್ಬರ್ ಪೊರೆಯ ಒಂದು ಬದಿಯಲ್ಲಿ ನೀರು, ಇನ್ನೊಂದು ಬದಿಯಲ್ಲಿ ಗಾಳಿ ಇರುತ್ತದೆ. ಪಂಪ್ ನಿಂತಿರುವಾಗ ಗಾಳಿಯೇ ನೀರನ್ನು ನಲ್ಲಿಗೆ ತಳ್ಳುತ್ತದೆ. ಒತ್ತಡವು ನಿಗದಿತ ಮಟ್ಟಕ್ಕೆ ಇಳಿದಾಗ ಪ್ರೆಷರ್ ಸ್ವಿಚ್ ಪಂಪನ್ನು ಚಾಲೂ ಮಾಡುತ್ತದೆ.

ಸರಿಯಾದ ಒತ್ತಡ

ಟ್ಯಾಂಕಿನಲ್ಲಿ ನೀರಿಲ್ಲದಿರುವಾಗ ಗಾಳಿಯ ಒತ್ತಡವು ಪಂಪ್ ಚಾಲೂ ಆಗುವ ಒತ್ತಡಕ್ಕಿಂತ 2 ಪಿಎಸ್‌ಐ ಕಡಿಮೆ ಇರತಕ್ಕದ್ದು. ಪಂಪ್ 20 ಪಿಎಸ್‌ಐಗೆ ಚಾಲೂ ಆಗಿ 40ಕ್ಕೆ ನಿಲ್ಲುವುದಾದರೆ ಗಾಳಿಯು 18 ಪಿಎಸ್‌ಐ ಇರಬೇಕು. ಆಗ 24 ಲೀಟರ್ ಟ್ಯಾಂಕಿನಿಂದ ಪಂಪ್ ಓಡದೆಯೇ ಸುಮಾರು 8 ಲೀಟರ್ ನೀರು ದೊರೆಯುತ್ತದೆ. ಗಾಳಿಯು 5 ಪಿಎಸ್‌ಐಗೆ ಕುಸಿದಲ್ಲಿ ಇದು ಸುಮಾರು 5 ಲೀಟರ್‌ಗೆ ಇಳಿಯುತ್ತದೆ. ಪಂಪ್ ಪದೇ ಪದೇ ಚಾಲೂ ಆಗುವುದರಿಂದ ವಿದ್ಯುತ್ ವೆಚ್ಚ ಹೆಚ್ಚುವುದಲ್ಲದೆ, ಮೋಟಾರ್ ಸುಟ್ಟುಹೋಗುವ ಸಂಭವವೂ ಇರುತ್ತದೆ. ಗಾಳಿಯು ಅಧಿಕವಾದಲ್ಲಿ ಪಂಪ್ ಚಾಲೂ ಆಗುವ ಮೊದಲೇ ಟ್ಯಾಂಕ್ ಬರಿದಾಗಿ ನೀರು ಹಠಾತ್ತನೆ ನಿಲ್ಲುತ್ತದೆ.

ಪರಿಶೀಲನಾ ಕ್ರಮ

1. ಪಂಪ್‌ನ ವಿದ್ಯುತ್ ಸಂಪರ್ಕವನ್ನು ಮುಖ್ಯ ಸ್ವಿಚ್‌ನಲ್ಲಿಯೇ ಕಡಿತಗೊಳಿಸುವುದು.
2. ಪಂಪಿಗೆ ನೀರು ಬರುವ ವಾಲ್ವ್ ಮುಚ್ಚಿ, ಅತ್ಯಂತ ಕೆಳಗಿನ ನಲ್ಲಿಯನ್ನು ತೆರೆದು ನೀರನ್ನು ಬಕೆಟ್‌ಗಳಲ್ಲಿ ಹಿಡಿದಿಡುವುದು. ನೀರಿನ ಗೇಜ್ ಸೊನ್ನೆ ತೋರಿಸಿದ ನಂತರವೇ ಮುಂದುವರಿಯುವುದು. ನೀರಿರುವಾಗ ಅಳೆದರೆ ನೀರಿನ ಒತ್ತಡವೇ ಕಂಡುಬರುತ್ತದೆ; ಗಾಳಿ ಸಾಕಷ್ಟಿದೆ ಎಂಬ ತಪ್ಪು ಭಾವನೆ ಉಂಟಾಗುತ್ತದೆ.
3. ಟ್ಯಾಂಕಿನ ಗಾಳಿ ವಾಲ್ವ್‌ನ ಮುಚ್ಚಳ ತೆಗೆದು ಟೈರ್ ಗೇಜ್‌ನಿಂದ ಅಳೆಯುವುದು.
4. ಕಡಿಮೆಯಿದ್ದಲ್ಲಿ ಸೈಕಲ್ ಪಂಪ್‌ನಿಂದ ಸ್ವಲ್ಪ ಸ್ವಲ್ಪವೇ ತುಂಬುವುದು. ಹೆಚ್ಚಿದ್ದಲ್ಲಿ ವಾಲ್ವ್‌ನ ಪಿನ್ ಒತ್ತಿ ಬಿಡುವುದು.
5. ಮುಚ್ಚಳ ಹಾಕಿ, ನಲ್ಲಿ ಮುಚ್ಚಿ, ನೀರಿನ ವಾಲ್ವ್ ತೆರೆದು ಪಂಪ್ ಚಾಲೂ ಮಾಡಿ ಗಮನಿಸುವುದು.

ಮುನ್ನೆಚ್ಚರಿಕೆಗಳು

ಗಾಳಿ ವಾಲ್ವ್‌ನಿಂದ ನೀರು ಬಂದಲ್ಲಿ ರಬ್ಬರ್ ಪೊರೆ ಹರಿದಿದೆಯೆಂದು ತಿಳಿಯತಕ್ಕದ್ದು. ಗಾಳಿ ತುಂಬುವುದರಿಂದ ಪ್ರಯೋಜನವಿಲ್ಲ, ಪೊರೆ ಅಥವಾ ಟ್ಯಾಂಕನ್ನು ಬದಲಿಸಬೇಕು. ಟ್ಯಾಂಕಿನ ಮೇಲೆ ನಮೂದಿಸಿದ ಗರಿಷ್ಠ ಒತ್ತಡವನ್ನು ಮೀರಬಾರದು. ತುಕ್ಕು ಹಿಡಿದ ಟ್ಯಾಂಕಿಗೆ ಗಾಳಿ ತುಂಬುವುದು ಅಪಾಯಕಾರಿ. ವೇಗ ತಾನಾಗಿ ಬದಲಾಗುವ ಪಂಪ್‌ಗಳಿಗೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ತಯಾರಕರ ಕೈಪಿಡಿಯನ್ನು ಅನುಸರಿಸತಕ್ಕದ್ದು.

ಹೊರವಲಯದ 110 ಹಳ್ಳಿಗಳಿಗೆ ನೀರೊದಗಿಸುವ ಕಾವೇರಿ 5ನೇ ಹಂತದ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿರುತ್ತದೆ. ಹೊಸದಾಗಿ ಕಾವೇರಿ ಸಂಪರ್ಕ ಪಡೆದವರು ಜಲಮಂಡಳಿಯ ಕೊಳವೆಗೆ ನೇರವಾಗಿ ಪಂಪ್ ಜೋಡಿಸುವಂತಿಲ್ಲ. ಹಾಗೆ ಮಾಡಿದಲ್ಲಿ ನೆರೆಹೊರೆಯವರ ಪಾಲಿನ ನೀರು ಕಡಿಮೆಯಾಗುತ್ತದೆ. ನೀರು ಸಂಪಿಗೆ ಬಂದ ನಂತರವೇ ಪಂಪ್ ಬಳಸತಕ್ಕದ್ದು.

ಆರು ತಿಂಗಳಿಗೊಮ್ಮೆ ಈ ಪರಿಶೀಲನೆ ಕೈಗೊಂಡಲ್ಲಿ ಮೋಟಾರ್ ದುರಸ್ತಿಯ ಅನಗತ್ಯ ವೆಚ್ಚವನ್ನು ತಪ್ಪಿಸಬಹುದಾಗಿದೆ.