ಗೋಲಿನ ಲೆಕ್ಕಕ್ಕೆ ಸಿಗದ ಸೋಮಯ್ಯ

1980ರ ಮಾಸ್ಕೊ ಒಲಿಂಪಿಕ್ಸ್‌ನ ಹಾಕಿ ಫೈನಲ್‌ನಲ್ಲಿ ಭಾರತ ಸ್ಪೇನನ್ನು 4-3ರಿಂದ ಸೋಲಿಸಿತು. ಸುರಿಂದರ್ ಸಿಂಗ್ ಸೋಧಿ ಎರಡು, ಕೌಶಿಕ್ ಮತ್ತು ಮೊಹಮ್ಮದ್ ಶಾಹಿದ್ ಒಂದೊಂದು ಗೋಲು ಹೊಡೆದರೆಂಬುದು ದಾಖಲೆಯಲ್ಲಿದೆ. ಎದುರಾಳಿಗಳನ್ನು ತಡೆದವರ ವಿವರ ಅಲ್ಲಿಲ್ಲ. ಅಂಥವರಲ್ಲಿ ಒಬ್ಬರು ಕೊಡಗಿನ ಮನೆಯಪಂಡ ಮುತ್ತಣ್ಣ ಸೋಮಯ್ಯ. ಆಗ ಅವರಿಗೆ 21 ವರ್ಷ.

ಕೊಡಗಿನ ಹಾಕಿ ಎಂದೊಡನೆ ನೆನಪಾಗುವ ಹಿರಿಯರು ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ. ಗಣೇಶ್ 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ. ಗೋವಿಂದ 1975ರ ವಿಶ್ವವಿಜೇತ ತಂಡದಲ್ಲಿದ್ದವರು. ಇಬ್ಬರೂ ಮುನ್ನಡೆ ಆಟಗಾರರು. ಸೋಮಯ್ಯ ಮಾತ್ರ ಅವರ ಹಿಂದಿನ ಸಾಲಿನ ಹಾಫ್‌ಬ್ಯಾಕ್.

ಹಾಫ್‌ನ ಕೆಲಸವೇ ವಿಚಿತ್ರ. ಎದುರಾಳಿಯ ಮುನ್ನಡೆ ಆಟಗಾರನ ಬೆನ್ನು ಬಿಡುವಂತಿಲ್ಲ, ಚೆಂಡು ಸಿಕ್ಕಿದ ಕೂಡಲೇ ತನ್ನವರಿಗೆ ಮುಂದೆ ದಾಟಿಸಬೇಕು. ಚೆಂಡು ಬರುವ ದಾರಿಯನ್ನು ಮೊದಲೇ ಊಹಿಸಿ ನಿಂತವನೇ ಜಾಣ. ಊಹೆ ಸರಿಯಾದರೆ ಏನೂ ನಡೆದಂತೆಯೇ ಕಾಣುವುದಿಲ್ಲ. ತಪ್ಪಿದರೆ ಇಡೀ ಮೈದಾನಕ್ಕೇ ಗೊತ್ತಾಗುತ್ತದೆ! ಕೃತಕ ಹುಲ್ಲಿನ ಅಂಗಳಗಳು ಬಂದ ಮೇಲಂತೂ ಚೆಂಡಿನ ವೇಗ ಹೆಚ್ಚಿತು. ಒಂದು ಹೆಜ್ಜೆ ತಡವಾದವನಿಗೆ ಮತ್ತೆ ಅವಕಾಶವಿಲ್ಲ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನ ಪಾಡೂ ಹೆಚ್ಚುಕಡಿಮೆ ಇದೇ. ಆದರೆ ಅಲ್ಲಿ ತಡೆದದ್ದಕ್ಕೂ ಲೆಕ್ಕವಿದೆ. ಓಝಿ ಸ್ಮಿತ್ ಎಂಬ ಶಾರ್ಟ್‌ಸ್ಟಾಪ್ 19 ವರ್ಷಗಳಲ್ಲಿ ಬಾರಿಸಿದ ಹೋಂ ರನ್‌ಗಳು ಬರೀ 28. ಆದರೂ ಉತ್ತಮ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ 1980ರಿಂದ ಸತತ 13 ವರ್ಷ ಅವರದಾಯಿತು. ಆಗಿನ ನಮ್ಮ ಹಾಕಿಯಲ್ಲಿ ಅಂಥ ಲೆಕ್ಕ ಇಟ್ಟವರಿಲ್ಲ.

ಪಾಕಿಸ್ತಾನ, ಪಶ್ಚಿಮ ಜರ್ಮನಿ, ನೆದರ್ಲೆಂಡ್ಸ್ ಮಾಸ್ಕೊಗೆ ಬಾರದ ಕಾರಣ ಆ ಚಿನ್ನವನ್ನು ಕಡೆಗಣಿಸುವವರುಂಟು. 1984ರ ಲಾಸ್ ಏಂಜಲೀಸ್‌ನಲ್ಲಿ ಈ ಮೂವರೂ ಇದ್ದರು. ಗುಂಪಿನ ಕೊನೆಯ ಪಂದ್ಯದಲ್ಲಿ ಪಶ್ಚಿಮ ಜರ್ಮನಿಗೆ ಭಾರತ ಒಂದೂ ಗೋಲು ಬಿಟ್ಟುಕೊಡಲಿಲ್ಲ, ತಾನೂ ಹೊಡೆಯಲಿಲ್ಲ. 0-0. ಅಂಕ ಸಮವಾದರೂ ಗೋಲು ವ್ಯತ್ಯಾಸದಲ್ಲಿ ಜರ್ಮನರು ಸೆಮಿಫೈನಲ್ ಸೇರಿದರು, ಭಾರತ ಐದನೇ ಸ್ಥಾನಕ್ಕೆ ಇಳಿಯಿತು. ರಕ್ಷಣಾ ಸಾಲಿಗೆ ಇದಕ್ಕಿಂತ ಕಹಿಯಾದ ಫಲಿತಾಂಶ ಬೇಕೆ?

ಮುಂಬೈಯಲ್ಲಿ ಭಾರತ್ ಪೆಟ್ರೋಲಿಯಂ ಉದ್ಯೋಗಿಯಾಗಿದ್ದ ಸೋಮಯ್ಯ ಅವರಿಗೆ 1985ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1988ರ ಸೋಲ್ ಒಲಿಂಪಿಕ್ಸ್‌ಗೆ ಅವರೇ ನಾಯಕ. ಮೊದಲ ಪಂದ್ಯದಲ್ಲೇ ಸೋವಿಯತ್ ತಂಡದೆದುರು 0-1ರ ಸೋಲು, ಕೊನೆಗೆ ಆರನೇ ಸ್ಥಾನ.

ಅವರ ಕಾಲದ ನಂತರವೂ ಕೊಡಗಿನಲ್ಲಿ ಹಾಕಿಯ ಹುಚ್ಚು ಇಳಿಯಲಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಬಂದ ತಂಡಗಳು 60. 2024ರಲ್ಲಿ ನಾಪೋಕ್ಲುವಿಗೆ ಬಂದವು 360. ಅಲ್ಲಿಯೂ ಧ್ವನಿವರ್ಧಕದಲ್ಲಿ ಮೊದಲು ಕೇಳುವುದು ಗೋಲು ಹೊಡೆದವನ ಹೆಸರೇ.