ಶಿವಮೊಗ್ಗ ಜಿಲ್ಲಾ ಪಂಚಾಯಿತಿ: ಸದಸ್ಯರಿದ್ದ ಕಾಲ, ಇಲ್ಲದ ಕಾಲ

ಸ್ಥಳೀಯ ಸಂಸ್ಥೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕಾಯ್ದೆಗಳ ಸಾಲಾಗಿ ಬರೆಯುತ್ತೇವೆ: 1902, 1926, 1959, 1983, 1993. ಪ್ರತಿ ಕಾಯ್ದೆಯೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ ಎಂಬ ಭಾವನೆ ಈ ಬರವಣಿಗೆಯಲ್ಲಿ ತಾನಾಗಿ ಬಂದುಬಿಡುತ್ತದೆ. ಶಿವಮೊಗ್ಗ ಜಿಲ್ಲೆಯನ್ನು ಹತ್ತಿರದಿಂದ ನೋಡಿದಾಗ ನನಗೆ ಕಾಣುವುದು ಬೇರೆಯೇ. ಇಲ್ಲಿನ ಜಿಲ್ಲಾ ಸಂಸ್ಥೆಯನ್ನು ಅರಿಯಬೇಕಾದರೆ ಅದರಲ್ಲಿ ಯಾರು ಕುಳಿತಿದ್ದರು ಎಂದು ಕೇಳಿದಷ್ಟೇ ಗಂಭೀರವಾಗಿ, ಯಾವಾಗ ಯಾರೂ ಕುಳಿತಿರಲಿಲ್ಲ ಎಂದೂ ಕೇಳಬೇಕು. ಹಾಗೆ ಖಾಲಿ ಬಿದ್ದ ಕಾಲಾವಧಿಗಳನ್ನು ಈ ಲೇಖನ ಮುಖ್ಯ ಸಾಕ್ಷ್ಯವೆಂದು ಪರಿಗಣಿಸುತ್ತದೆ.

ಮೈಸೂರು ಸಂಸ್ಥಾನದಲ್ಲಿ ಈ ವ್ಯವಸ್ಥೆಯ ಬೇರು ಇರುವುದು ಲೋಕಲ್ ಫಂಡಿನಲ್ಲಿ. ಭೂಕಂದಾಯದ ಜೊತೆಗೆ ರೈತ ತೆರುತ್ತಿದ್ದ ಸೆಸ್ಸಿನ ಹಣದಲ್ಲಿ ರಸ್ತೆ, ಸೇತುವೆ, ಶಾಲೆ, ಆಸ್ಪತ್ರೆಗಳನ್ನು ನಡೆಸಲು ಜಿಲ್ಲೆಗೊಂದು ಸಮಿತಿ ಇತ್ತು. ಅದರಲ್ಲಿ ಜಿಲ್ಲಾಧಿಕಾರಿಯ ಮಾತೇ ನಡೆಯುತ್ತಿತ್ತು. ಆದರೂ ಈ ಸಮಿತಿಗಳನ್ನು ಹಗುರವಾಗಿ ಕಾಣಲಾಗದು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದಾಗ, ಬಂದ 144 ಮಂದಿಯನ್ನು ತಾಲ್ಲೂಕುಗಳಿಂದ ಆರಿಸಿ ಕಳಿಸುವ ಹೊಣೆ ಬಿದ್ದದ್ದು ಇದೇ ಲೋಕಲ್ ಫಂಡ್ ಬೋರ್ಡುಗಳ ಮೇಲೆ. ಸಂಸ್ಥಾನದ ಪ್ರಾತಿನಿಧ್ಯದ ಮೊದಲ ಬಾಗಿಲು ಜಿಲ್ಲೆಯಲ್ಲಿತ್ತು.

1902ರ ರೆಗ್ಯುಲೇಷನ್ ಡಿಸ್ಟ್ರಿಕ್ಟ್ ಬೋರ್ಡು ಮತ್ತು ತಾಲ್ಲೂಕು ಬೋರ್ಡುಗಳಿಗೆ ಕಾನೂನಿನ ಶರೀರ ಕೊಟ್ಟಿತು. ವಿಶ್ವೇಶ್ವರಯ್ಯನವರ ಕಾಲದ ಕೊನೆಗೆ, 1918ರಲ್ಲಿ, ಚುನಾಯಿತರ ಪಾಲು ಹೆಚ್ಚಿತು. 1926ರ ಕಾಯ್ದೆ ತಾಲ್ಲೂಕು ಬೋರ್ಡುಗಳನ್ನು ತೆಗೆದುಹಾಕಿ ಜಿಲ್ಲಾ ಬೋರ್ಡನ್ನು ಬಲಪಡಿಸಿತು. ಅಧ್ಯಕ್ಷರನ್ನು ಆರಿಸುವ ಹಕ್ಕು ಸದಸ್ಯರಿಗೆ ದಕ್ಕಿದ್ದು ಆಗ. ಮತದ ಹಕ್ಕು ಮಾತ್ರ ಕಂದಾಯ ಕಟ್ಟುವವನದ್ದಾಗಿತ್ತು. ಅಡಿಕೆ ತೋಟದ ಒಡೆಯನಿಗೆ ಮತ ಇತ್ತು. ಆ ತೋಟದಲ್ಲಿ ದುಡಿಯುವವನಿಗೆ, ಗೇಣಿ ಅಳೆಯುವವನಿಗೆ ಇರಲಿಲ್ಲ. ಮಲೆನಾಡಿನ ಭೂಹಿಡುವಳಿಯ ಸ್ವರೂಪ ಬಲ್ಲವರಿಗೆ ಅಂಥ ಬೋರ್ಡಿನ ಬಣ್ಣವನ್ನು ಊಹಿಸುವುದು ಕಷ್ಟವಲ್ಲ. 1951ರ ಕಾಗೋಡು ಸತ್ಯಾಗ್ರಹ ಇದೇ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಎದ್ದದ್ದನ್ನು ಈ ಹಿನ್ನೆಲೆಯಲ್ಲೂ ಓದಬೇಕು. ಗೇಣಿದಾರನ ಅಹವಾಲು ಕೇಳುವ ಚುನಾಯಿತ ಜಾಗ ಜಿಲ್ಲೆಯೊಳಗೆ ಇರಲಿಲ್ಲ.

ವಯಸ್ಕ ಮತಾಧಿಕಾರ ಬಂದ ಮೇಲೆ ಜಿಲ್ಲಾ ಬೋರ್ಡು ಅರಳಬೇಕಿತ್ತು. ಆದದ್ದು ತದ್ವಿರುದ್ಧ. ಏಕೀಕರಣದ ನಂತರ ಬಂದ 1959ರ ಕಾಯ್ದೆ ಚುನಾಯಿತ ಜಿಲ್ಲಾ ಬೋರ್ಡನ್ನೇ ರದ್ದುಮಾಡಿತು. ಚುನಾವಣೆ ಉಳಿದದ್ದು ಗ್ರಾಮ ಪಂಚಾಯಿತಿಗೆ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿಗೆ. ಜಿಲ್ಲಾ ಮಟ್ಟದಲ್ಲಿ ಬಂದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು, ಅದೂ ಸಲಹೆ ಕೊಡಲು ಮಾತ್ರ. ಸುಮಾರು ಕಾಲು ಶತಮಾನ ಶಿವಮೊಗ್ಗದ ಜನ ತಮ್ಮ ಜಿಲ್ಲೆಗೆಂದು ಯಾರನ್ನೂ ಆರಿಸಲಿಲ್ಲ. ಆ ಕಾಲು ಶತಮಾನ ಎಂಥದ್ದು ಎಂಬುದೇ ಇಲ್ಲಿ ಮುಖ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಸಾಗರ, ಹೊಸನಗರದ ಊರುಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿ ಜನ ಜಿಲ್ಲೆಯ ಬೇರೆ ಬೇರೆ ಕಾಡುಗಳಿಗೆ ಚದುರಿದರು. ಒಂದು ತಾಲ್ಲೂಕಿನಲ್ಲಿ ಮನೆ ಕಳೆದುಕೊಂಡವರಿಗೆ ಇನ್ನೊಂದು ತಾಲ್ಲೂಕಿನಲ್ಲಿ ನೆಲ ಕೊಡಬೇಕಾಗಿದ್ದ ಆ ಹೊತ್ತಿನಲ್ಲಿ ತಾಲ್ಲೂಕಿನ ಗಡಿ ದಾಟಿ ಮಾತಾಡಬಲ್ಲ ಚುನಾಯಿತ ಜಿಲ್ಲಾ ಸಭೆ ಇರಲಿಲ್ಲ. ಜಿಲ್ಲೆಯ ಸ್ಥಳೀಯಾಡಳಿತದ ಚರಿತ್ರೆಯಲ್ಲಿ ಇದಕ್ಕಿಂತ ದುಬಾರಿಯಾದ ಶೂನ್ಯವನ್ನು ನಾನು ಕಾಣೆ.

1983ರ ಕಾಯ್ದೆಯ ಹಿಂದೆ ಇದ್ದವರು ರಾಮಕೃಷ್ಣ ಹೆಗಡೆ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ರಾಷ್ಟ್ರಪತಿಗಳ ಅಂಕಿತ ಸಿಕ್ಕು ಕಾಯ್ದೆ ಜಾರಿಯಾಗಲು 1985 ಆಯಿತು, ಚುನಾವಣೆಗೆ 1987ರ ಜನವರಿ. ರಾಜ್ಯದ 19 ಜಿಲ್ಲೆಗಳಲ್ಲಿ ಜಿಲ್ಲಾ ಪರಿಷತ್ತುಗಳು ಹುಟ್ಟಿದವು. 28,000 ಜನಸಂಖ್ಯೆಗೆ ಒಬ್ಬ ಸದಸ್ಯ, ಮಹಿಳೆಯರಿಗೆ ಶೇ 25 ಮೀಸಲು, ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ ಬಂದರು. ಎಲ್ಲದಕ್ಕೂ ‘ಡಿಸಿ ಸಾಹೇಬ್ರು’ ಎನ್ನುತ್ತಿದ್ದ ಜಿಲ್ಲೆಯಲ್ಲಿ ಈ ಹಿರಿತನದ ಅದಲುಬದಲು ಸಣ್ಣ ಸಂಗತಿಯಲ್ಲ. ಶಾಲಾ ಮಾಸ್ತರರ ವರ್ಗಾವಣೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಮಾತು ಪರಿಷತ್ತಿಗೆ ಹೊರಳಿತು. ಶಾಸಕರಿಗೆ ಇದು ಹಿತವಾಗದಿದ್ದುದು ಸಹಜ. 1988ರಲ್ಲಿ ನಜೀರ್ ಸಾಬ್ ತೀರಿಕೊಂಡ ಮೇಲೆ ಪರಿಷತ್ತುಗಳ ಪರವಾಗಿ ವಿಧಾನಸೌಧದಲ್ಲಿ ಅಷ್ಟೇ ಗಟ್ಟಿಯಾಗಿ ನಿಲ್ಲುವವರು ಉಳಿಯಲಿಲ್ಲ.

1992ರ ಜನವರಿಯಲ್ಲಿ ಐದು ವರ್ಷದ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಆಗ ಮುಖ್ಯಮಂತ್ರಿಯಾಗಿದ್ದವರು ಸೊರಬದ ಎಸ್. ಬಂಗಾರಪ್ಪ. ಈ ಜಿಲ್ಲೆಯ ವಿಶೇಷವೊಂದನ್ನು ಇಲ್ಲೇ ಹೇಳಬೇಕು. ಹಳೆಯ ಶಿವಮೊಗ್ಗ ಜಿಲ್ಲೆ ನಾಡಿಗೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ: ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪ, ಸೊರಬದ ಬಂಗಾರಪ್ಪ, ಚನ್ನಗಿರಿಯ ಜೆ.ಎಚ್. ಪಟೇಲ್, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ. ಇಷ್ಟು ರಾಜಕೀಯ ಬಲವಿದ್ದ ಜಿಲ್ಲೆಯ ಸ್ವಂತ ಸಭೆ ಮಾತ್ರ ತನ್ನ ಬಲದಲ್ಲಿ ನಿಲ್ಲಲಾಗಲಿಲ್ಲ. ವ್ಯಕ್ತಿಗಳನ್ನು ದೂರಿ ಇದನ್ನು ಮುಗಿಸಲಾಗದು. ಜಿಲ್ಲೆಯ ಕೆಲಸವನ್ನೆಲ್ಲ ಬೆಂಗಳೂರಿನಲ್ಲಿ ಕುಳಿತ ‘ನಮ್ಮವರು’ ಮಾಡಿಕೊಡುತ್ತಾರೆ ಎಂಬ ರೂಢಿಯೇ ಜಿಲ್ಲಾ ಸಭೆಯ ಅಗತ್ಯವನ್ನು ಜನರ ಮನಸ್ಸಿನಿಂದ ಸವೆಸಿತು ಎಂದು ನನ್ನ ತರ್ಕ.

ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ, 1993ರ ಮೇ 10ರಂದು, ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. 1995ರಲ್ಲಿ ಜಿಲ್ಲಾ ಪಂಚಾಯಿತಿಗೆ ಮೊದಲ ಚುನಾವಣೆ. ಆಗಿನ ಜಿಲ್ಲೆಗೆ ಒಂಬತ್ತು ತಾಲ್ಲೂಕು. ಎರಡೇ ವರ್ಷದಲ್ಲಿ, 1997ರ ಆಗಸ್ಟ್ 15ರಂದು, ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆಯನ್ನು ರಚಿಸಿತು. ಮುಖ್ಯಮಂತ್ರಿಗಳ ಸ್ವಂತ ತಾಲ್ಲೂಕು ಚನ್ನಗಿರಿ, ಜೊತೆಗೆ ಹೊನ್ನಾಳಿ, ಅತ್ತ ಸೇರಿದವು. ಬಯಲುಸೀಮೆಯ ಈ ಎರಡು ತಾಲ್ಲೂಕುಗಳು ಕಳಚಿದ ಮೇಲೆ ಜಿಲ್ಲಾ ಪಂಚಾಯಿತಿಯಲ್ಲಿ ಮಲೆನಾಡಿನ ತೂಕ ಹೆಚ್ಚಿತು. ಉಳಿದವು ಏಳು: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ.

ಸದಸ್ಯತ್ವದ ಲೆಕ್ಕದಲ್ಲಿ ಮಲೆನಾಡಿಗೆ ಆದ ಅನ್ಯಾಯವನ್ನು ಸಂಶೋಧಕರು ಹೆಚ್ಚು ಗಮನಿಸಿಲ್ಲ. ಒಂಟಿಮನೆಗಳ, ಚದುರಿದ ಊರುಗಳ ಜಿಲ್ಲೆಯೆಂದು ಗ್ರಾಮ ಪಂಚಾಯಿತಿ ರಚನೆಗೆ ಬೇಕಾದ ಕನಿಷ್ಠ ಜನಸಂಖ್ಯೆಯನ್ನು 1993ರ ಕಾಯ್ದೆ ಶಿವಮೊಗ್ಗಕ್ಕೆ 2,500ಕ್ಕೆ ಇಳಿಸಿತು. ಜಿಲ್ಲಾ ಪಂಚಾಯಿತಿಯ ವಿಷಯ ಬಂದಾಗ ಆ ವಿವೇಕ ಉಳಿಯಲಿಲ್ಲ. ಕೊಡಗಿಗೆ 18,000ಕ್ಕೊಬ್ಬ ಸದಸ್ಯನಾದರೆ ಶಿವಮೊಗ್ಗಕ್ಕೆ ಬಯಲಿನ ಜಿಲ್ಲೆಗಳ ಹಾಗೆ 40,000ಕ್ಕೊಬ್ಬ. ಸಾಗರ ತಾಲ್ಲೂಕಿನ ತುಮರಿಯ ಕಡೆಯ ಜನ ದಶಕಗಳ ಕಾಲ ಲಾಂಚ್ ಹತ್ತಿ ಶರಾವತಿಯ ಹಿನ್ನೀರು ದಾಟಿದವರು. ಅವರ ಪ್ರತಿನಿಧಿ ಕ್ಷೇತ್ರ ಸುತ್ತುವುದಕ್ಕೂ ಭದ್ರಾ ನಾಲೆಯ ಬಯಲಿನ ಸದಸ್ಯರು ಸುತ್ತುವುದಕ್ಕೂ ಹೋಲಿಕೆಯೇ ಇಲ್ಲ.

2016ರ ಚುನಾವಣೆಯ ಹೊತ್ತಿಗೆ ಒಟ್ಟು ಸ್ಥಾನ 31. 2010ರ ತಿದ್ದುಪಡಿಯಿಂದ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿತ್ತು. ಬಿಜೆಪಿ 15 ಸ್ಥಾನ ಗೆದ್ದು ಬಹುಮತಕ್ಕೆ ಒಂದೇ ಒಂದು ಸ್ಥಾನ ಕಡಿಮೆಯಾಯಿತು. ಕಾಂಗ್ರೆಸ್ ಮತ್ತು ಜೆಡಿಎಸ್ ಕೈಜೋಡಿಸಿದವು. ಜೆಡಿಎಸ್‌ನ ಜ್ಯೋತಿ ಎಸ್. ಕುಮಾರ್ ಅಧ್ಯಕ್ಷರಾದರು, ವೇದಾ ವಿಜಯಕುಮಾರ್ ಉಪಾಧ್ಯಕ್ಷರಾದರು. ಚುನಾಯಿತರಲ್ಲದೆ ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರು ಮತ್ತು ತಾಲ್ಲೂಕು ಪಂಚಾಯಿತಿ ಅಧ್ಯಕ್ಷರೂ ಸದನದ ಸದಸ್ಯರೇ. ಆದರೆ ಅಧ್ಯಕ್ಷರನ್ನು ಆರಿಸುವ ಹಕ್ಕು ನೇರವಾಗಿ ಗೆದ್ದು ಬಂದವರಿಗೆ ಮಾತ್ರ. ದಿನದ ಕೆಲಸ ಸಾಗುವುದು ಸ್ಥಾಯಿ ಸಮಿತಿಗಳಲ್ಲಿ. ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿಗೆ ಅಧ್ಯಕ್ಷರೇ ಮುಖ್ಯಸ್ಥರು, ಸಾಮಾನ್ಯ ಸ್ಥಾಯಿ ಸಮಿತಿಗೆ ಉಪಾಧ್ಯಕ್ಷರು.

ಜಿಲ್ಲೆಯ ಎರಡು ದೊಡ್ಡ ಊರುಗಳಿಗೆ ಈ ಸದನದಲ್ಲಿ ಸ್ಥಾನವಿಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17,52,753. ಅದರಲ್ಲಿ ಶಿವಮೊಗ್ಗ ನಗರ 3.22 ಲಕ್ಷ, ಭದ್ರಾವತಿ ಒಂದೂವರೆ ಲಕ್ಷ. ಜಿಲ್ಲೆಯ ಕಾಲು ಭಾಗಕ್ಕೂ ಹೆಚ್ಚು ಜನ ಮಹಾನಗರ ಪಾಲಿಕೆಗೋ ನಗರಸಭೆಗೋ ಮತ ಹಾಕುತ್ತಾರೆ, ಜಿಲ್ಲಾ ಪಂಚಾಯಿತಿಗಲ್ಲ. ಭದ್ರಾವತಿಯಲ್ಲಿ ಈ ಗೆರೆ ಎದ್ದು ಕಾಣುತ್ತದೆ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯೂ ಆಮೇಲೆ ಬಂದ ಕಾಗದದ ಕಾರ್ಖಾನೆಯೂ ಸುತ್ತಲ ಹಳ್ಳಿಗಳ ದುಡಿಮೆಯನ್ನು ಊರಿಗೆ ಎಳೆದವು. ಒಂದೇ ಪಾಳಿಯಲ್ಲಿ ದುಡಿದ ಇಬ್ಬರಲ್ಲಿ ಒಬ್ಬರು ನಗರಸಭೆಯ ಮತದಾರ, ಇನ್ನೊಬ್ಬರು ಜಿಲ್ಲಾ ಪಂಚಾಯಿತಿಯ ಮತದಾರ. ಹೊಳೆಹೊನ್ನೂರು ಹೋಬಳಿಯ ಹಳ್ಳಿಗರ ಪಾಡು ಇನ್ನೂ ತೊಡಕು: ತಾಲ್ಲೂಕು ಭದ್ರಾವತಿ, ಆದರೆ 2008ರಲ್ಲಿ ಹೊಳೆಹೊನ್ನೂರು ವಿಧಾನಸಭಾ ಕ್ಷೇತ್ರ ಅಳಿದ ಮೇಲೆ ಶಾಸಕರು ಶಿವಮೊಗ್ಗ ಗ್ರಾಮಾಂತರದವರು. ತಾಲ್ಲೂಕಿನ ಗುರುತಿನ ಮೇಲೆ ಅವರು ಆರಿಸಿ ಕಳಿಸಬಹುದಾದ ಮೇಲ್ಮಟ್ಟದ ಪ್ರತಿನಿಧಿ ಜಿಲ್ಲಾ ಪಂಚಾಯಿತಿ ಸದಸ್ಯರೊಬ್ಬರೇ.

ಆ ಪ್ರತಿನಿಧಿಯೂ 2021ರಲ್ಲಿ ಇಲ್ಲವಾದರು. ಅವಧಿ ಮುಗಿಯಿತು, ಕೋವಿಡ್ ಎರಡನೇ ಅಲೆ ಇತ್ತು, ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟ ತಿದ್ದುಪಡಿ ಬಂತು, ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ನ್ಯಾಯಾಲಯಗಳಲ್ಲಿ ನಿಂತಿತು. ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ಮತ್ತೆ ಈ ಜಿಲ್ಲೆಯವರೇ. ಮುಂದೆ ಮುಖ್ಯಮಂತ್ರಿಗಳು ಬದಲಾದರು, ಆಳುವ ಪಕ್ಷವೂ ಬದಲಾಯಿತು, ಆಡಳಿತಾಧಿಕಾರಿಯ ಆಳ್ವಿಕೆ ಬದಲಾಗಲಿಲ್ಲ. ಸಂವಿಧಾನದ 243ಇ ವಿಧಿ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. 1992ರಲ್ಲಿ ಈ ವಿಧಿ ಇನ್ನೂ ಹುಟ್ಟಿರಲಿಲ್ಲ. 2021ರಲ್ಲಿ ಇತ್ತು.

ಹಳ್ಳಿ ಮತ್ತು ಪಟ್ಟಣ ಒಟ್ಟಿಗೆ ಕೂರಬೇಕಾದ ಒಂದೇ ಒಂದು ಜಾಗವನ್ನು ಸಂವಿಧಾನ ಕಲ್ಪಿಸಿದೆ: ಜಿಲ್ಲಾ ಯೋಜನಾ ಸಮಿತಿ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರು ತಮ್ಮೊಳಗಿನಿಂದ, ಜನಸಂಖ್ಯೆಯ ಅನುಪಾತದಲ್ಲಿ ಆರಿಸಬೇಕು. 2023ರ ಕೊನೆಗೆ ಶಿವಮೊಗ್ಗ ಮಹಾನಗರ ಪಾಲಿಕೆಯ 35 ಸದಸ್ಯರ ಅವಧಿಯೂ ಮುಗಿಯಿತು. ಆರಿಸಲು ಜಿಲ್ಲಾ ಪಂಚಾಯಿತಿಯ 31 ಮಂದಿ ಇರಲಿಲ್ಲ, ಪಾಲಿಕೆಯ 35 ಮಂದಿಯೂ ಇರಲಿಲ್ಲ.