ಮಹಾವೀರಾಚಾರ್ಯರ ಸಂಖ್ಯಾಹಾರ

ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಪ್ರಶಸ್ತಿಯಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯಕ್ಕಾಗಿ ಅದನ್ನು ಓದುವವರು ಹಲವರು. ಕಾಲಸೂಚನೆಯ ಶ್ಲೋಕಗಳ ಬಳಿ ನಿಲ್ಲುವವರು ವಿರಳ. ಅಲ್ಲಿ ಅಂಕಿಗಳಿಲ್ಲ. ಭಾರತಯುದ್ಧದಿಂದ ಮೂವತ್ತು, ಮೂರು ಸಾವಿರ, ಏಳು ನೂರು, ಐದು ವರ್ಷಗಳು ಸಂದುವೆಂದು ಛಂದಸ್ಸಿಗೆ ಒಪ್ಪುವ ಕ್ರಮದಲ್ಲಿ ಹೇಳಿದೆ. ಕೂಡಿಸಿದರೆ 3735. ಶಕವರ್ಷ 556, ಅಂದರೆ ಕ್ರಿ.ಶ. 634-35, ಕೂಡ ಹೀಗೆಯೇ ಬಿಡಿಬಿಡಿಯಾಗಿ ಬಂದಿದೆ.

ಪದ್ಯದಲ್ಲಿ ಸಂಖ್ಯೆಯನ್ನು ಹುದುಗಿಸುವ ಈ ವಿದ್ಯೆ ಎರಡು ಶತಮಾನಗಳ ತರುವಾಯ ಮತ್ತೊಬ್ಬ ಜೈನ ವಿದ್ವಾಂಸರ ಕೈಯಲ್ಲಿ ಶಾಸ್ತ್ರವಾಗಿ ಬೆಳೆಯಿತು. ಆಗ ಈ ನಾಡು ರಾಷ್ಟ್ರಕೂಟರದಾಗಿತ್ತು. ಬಾದಾಮಿ ತಾಲೂಕಿನ ಪಟ್ಟದಕಲ್ಲಿನ ಬಸದಿಯೂ ಆ ಕಾಲದ್ದೇ. ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲಿ ಸ್ತುತಿಸಿ, ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಏಕದಿಂದ ಮಹಾಕ್ಷೋಭದವರೆಗೆ ಅವರು ಹೇಳುವ ಸ್ಥಾನಗಳು 24; ಶ್ರಾವಕರಿಗೆ ತೀರ್ಥಂಕರರ ಸಂಖ್ಯೆ ನೆನಪಾದರೆ ಆಶ್ಚರ್ಯವಿಲ್ಲ. ಅಂಕಿಗಳಿಗೆ ಅವರು ಬಳಸುವ ಹೆಸರುಗಳಲ್ಲಿಯೂ ರತ್ನವೆಂದರೆ 3, ತತ್ತ್ವವೆಂದರೆ 7, ಕರ್ಮವೆಂದರೆ 8.

ಅವರ ಒಂದು ಗುಣಾಕಾರ ಹೀಗಿದೆ: 27994681ನ್ನು 441ರಿಂದ ಗುಣಿಸಬೇಕು. ಈ ಎರಡರಲ್ಲಿಯೂ ಮೇಲ್ನೋಟಕ್ಕೆ ಚೆಲುವೇನೂ ಕಾಣದು. ಲಬ್ಧವೋ 12345654321: ಒಂದರಿಂದ ಆರಕ್ಕೇರಿ, ಮರಳಿ ಒಂದಕ್ಕಿಳಿಯುವ ಹಾರ. ಇಂಥವನ್ನು ಆಚಾರ್ಯರು ಅರಸರ ಕಂಠಾಭರಣಕ್ಕೆ ಹೋಲಿಸುತ್ತಾರೆ.

ಇದು ಬರಿಯ ವಿನೋದವೆಂದು ತಳ್ಳಿಹಾಕುವುದು ಸರಿಯಲ್ಲ. ಈ ಸಂಖ್ಯೆ 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಯಾವ ಸ್ಥಾನದಲ್ಲಿಯೂ ಮೊತ್ತ ಆರನ್ನು ಮೀರದು, ದಶಕ ಏರದು. ಆದುದರಿಂದಲೇ ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಇದು ನಡೆಯುತ್ತದೆ, ಹತ್ತಕ್ಕೆ ಮುರಿಯುತ್ತದೆ. ಇನ್ನು 111111 ಎಂಬುದು 3, 7, 11, 13, 37 ಈ ಐದು ಅವಿಭಾಜ್ಯಗಳ ಗುಣಲಬ್ಧ. ಮೊದಲೆರಡನ್ನು ಸೇರಿಸಿದರೆ 21, ಉಳಿದ ಮೂರನ್ನು ಸೇರಿಸಿದರೆ 5291. 21ರ ವರ್ಗವೇ 441. 5291ರ ವರ್ಗವೇ 27994681. ಪ್ರತಿ ಅವಿಭಾಜ್ಯವೂ ಎರಡೆರಡು ಬಾರಿ ಇರುವುದರಿಂದ ಈ ಮಹಾಸಂಖ್ಯೆಗೆ ಒಟ್ಟು 243 ಭಾಜಕಗಳಿವೆ. ಹಾರವನ್ನು ಬಿಡಿಸಿ ಎರಡು ಸಾಮಾನ್ಯ ಸಂಖ್ಯೆಗಳಲ್ಲಿ ಬಚ್ಚಿಡಲು ಅಪವರ್ತನಗಳ ಮೇಲೆ ಹಿಡಿತ ಬೇಕು. 12345679ನ್ನು 9ರಿಂದ, 152207ನ್ನು 73ರಿಂದ ಗುಣಿಸಿಸುವ ಲೆಕ್ಕಗಳೂ ಇದೇ ಜಾತಿಯವು. ಮೊದಲನೆಯದರಲ್ಲಿ ಒಂಬತ್ತು ಒಂದುಗಳು, ಎರಡನೆಯದರಲ್ಲಿ ಎಂಟು.

ಹಸ್ತಪ್ರತಿಗಳ ಲೋಕದಲ್ಲಿ ಇದಕ್ಕೆ ಇನ್ನೊಂದು ಬೆಲೆಯುಂಟು. ಲಿಪಿಕಾರನು ಗುಣ್ಯದ ಒಂದಂಕಿ ತಪ್ಪಿದರೂ ಹಾರದ ಕ್ರಮ ಕೆಡುವುದು. ಬೇರೆ ಪ್ರತಿಯಿಲ್ಲದೆಯೇ ತಾಳೆ ನೋಡಬಹುದು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರು ಹಸ್ತಪ್ರತಿಗಳಿಂದ ಸಂಪಾದಿಸಿ 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಲ್ಲಿ ಹೊರಬಂದಿತು.